ಗಂಟಲು ಒಡೆಯುವ ವಯಸ್ಸಿನಲ್ಲಿ ಸಂಗೀತ ಕಲಿಸಬಹುದಾ?

ಹಾಸನದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಂಗೀತದ ಟೀಚರ್. ಹದಿನಾರು ವರ್ಷವಾಯಿತು. ಪ್ರತಿ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬರುತ್ತಾರೆ. ಅವರ ಹಿಂದೆಯೇ ಈ ಪ್ರಶ್ನೆಯೂ ಬರುತ್ತದೆ. "ಮೇಡಂ, ನಮ್ಮ ಹುಡುಗನ ಗಂಟಲು ಒಡೀತಾ ಇದೆ. ಈಗ ಸಂಗೀತ ಕಲಿತು ಏನು ಬರುತ್ತೆ? ಐದಾರು ವರ್ಷಕ್ಕೇ ಶುರು ಮಾಡಬೇಕಿತ್ತಲ್ವಾ?" ಅಪ್ಪ ಅಮ್ಮಂದಿರು ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಜೊತೆಯವರು ಕೇಳುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿದವರಿದ್ದಾರೆ. ನಿಂತಲ್ಲೇ ಹೇಳುವ ಉತ್ತರ ಯಾವತ್ತೂ ಅರ್ಧವೇ ಆಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕಲಿಸಬಹುದು. ಕಲಿಸಲೇಬೇಕು. ಆದರೆ ಆರು ವರ್ಷದ ಮಗುವಿಗೆ ಕಲಿಸಿದ ಹಾಗೆ ಕಲಿಸಬಾರದು.

ಮೊದಲು ಆ ಗಂಟಲಿನಲ್ಲಿ ಏನಾಗುತ್ತಿದೆ ನೋಡಿ. ಹನ್ನೆರಡರಿಂದ ಹದಿನೈದರ ಒಳಗೆ ಹುಡುಗರ ಧ್ವನಿಪೆಟ್ಟಿಗೆ ದಿಢೀರನೆ ದೊಡ್ಡದಾಗುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ವೀಣೆಯಲ್ಲಿ ದಪ್ಪ ತಂತಿ ಕೆಳಗಿನ ಸ್ವರ ಕೊಡುತ್ತದಲ್ಲ, ಹಾಗೇ ಇದು. ಎಲ್ಲ ಮುಗಿಯುವ ಹೊತ್ತಿಗೆ ಹುಡುಗನ ಧ್ವನಿ ಸುಮಾರು ಒಂದು ಸ್ಥಾಯಿ, ಅಂದರೆ ಒಂದು ಸ ದಿಂದ ಮುಂದಿನ ಸ ವರೆಗಿನಷ್ಟು, ಕೆಳಗೆ ಇಳಿದಿರುತ್ತದೆ. ಈ ಇಳಿತ ಒಂದೇ ರಾತ್ರಿ ಆಗುವುದಿಲ್ಲ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಒಂದೂವರೆ ವರ್ಷ. ಅಷ್ಟು ದಿನ ಅವನಿಗೆ ಮೇಲಿನ ಸ್ವರಗಳು ಕೈಬಿಟ್ಟಿರುತ್ತವೆ, ಕೆಳಗಿನವು ಇನ್ನೂ ಬಂದಿರುವುದಿಲ್ಲ. ನಡುವೆ ಒಂದಷ್ಟು ಸ್ವರ ಮಾತ್ರ ಅವನವು. ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಎರಡು ಮೂರು ಸ್ವರದಷ್ಟು ಇಳಿಯುತ್ತದೆ, ಸ್ವಲ್ಪ ದಿನ ಗಾಳಿ ಸೇರಿದ ಹಾಗೆ ಕೇಳುತ್ತದೆ. ಅದನ್ನು ಯಾರೂ ಗಮನಿಸುವುದೇ ಇಲ್ಲ. "ಯಾಕೋ ಮೊದಲಿನ ಥರ ಹಾಡಲ್ಲ ಇವಳು" ಎಂದು ಬೈಯುತ್ತಾರೆ ಅಷ್ಟೆ.

ಗಂಟಲು ಒಡೆಯುವುದು ಅಂತ ನಾವು ಹೇಳುತ್ತೇವೆ. ಆ ಮಾತೇ ನನಗೆ ಇಷ್ಟವಿಲ್ಲ. ಅಲ್ಲಿ ಏನೂ ಒಡೆದಿಲ್ಲ, ಬೆಳೆಯುತ್ತಿದೆ.

ನನಗೆ ಈ ವಿಷಯದಲ್ಲಿ ಇಷ್ಟು ಹಟ ಬರಲು ಕಾರಣ ನನ್ನ ಅಣ್ಣ. ಏಳನೇ ಕ್ಲಾಸಿನವರೆಗೆ ಗಣಪತಿ ಪೆಂಡಾಲಿನಲ್ಲಿ, ಊರಿನ ಭಜನೆಯಲ್ಲಿ ಅವನದೇ ಮುಂದಿನ ಧ್ವನಿ. ಎಂಟನೇ ಕ್ಲಾಸಿನಲ್ಲಿ ಸ್ವಾತಂತ್ರ್ಯ ದಿನದ ಹಾಡಿಗೆ ಅಭ್ಯಾಸ ಮಾಡುವಾಗ ಧ್ವನಿ ನಡುವೆ ಸೀಳಿತು. ಕಲಿಸುತ್ತಿದ್ದ ಮೇಷ್ಟ್ರು, "ನೀನು ಸುಮ್ನೆ ಬಾಯಿ ಆಡಿಸು, ಧ್ವನಿ ಬೇಡ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ. ಅಣ್ಣನಿಗೆ ಈಗ ಐವತ್ತು ದಾಟಿದೆ. ಭಜನೆಗೆ ಬರುತ್ತಾನೆ, ತಾಳ ಹಾಕುತ್ತಾನೆ, ಬಾಯಿ ಆಡಿಸುತ್ತಾನೆ. ಧ್ವನಿ ಮಾತ್ರ ಬರುವುದಿಲ್ಲ.

ನನ್ನ ಕ್ಲಾಸಿನಲ್ಲಿ 44 ಮಕ್ಕಳು. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಒಂದು ಹಾರ್ಮೋನಿಯಂ, ಹಾಡಿಗೆ ಆಧಾರದ ಸ್ವರವನ್ನು ಬಿಡದೆ ನುಡಿಸುವ ಕರೆಂಟಿನ ಒಂದು ಶ್ರುತಿಪೆಟ್ಟಿಗೆ. ಬೇರೆ ಬೇರೆ ಊರಿನ ಪ್ರೈಮರಿ ಸ್ಕೂಲುಗಳಿಂದ ಬಂದವರು. ಪಕ್ಕದಲ್ಲಿ ಕೂತವನ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ. ಇವರನ್ನು ಕೂರಿಸಿಕೊಂಡು ಮೊದಲ ದಿನವೇ "ಎಲ್ಲಿ, ಸ ಹೇಳಿ" ಅಂದರೆ ಹಿಂದಿನ ಬೆಂಚು ಅಲ್ಲಿಗೇ ಮುಗಿಯಿತು. ಅದಕ್ಕೆ ಜೂನ್ ಪೂರ್ತಿ ನಾನು ಹಾಡಿಸುವುದೇ ಇಲ್ಲ. ತಾಳ ಮಾತ್ರ. ಕೈಗೆ ಗಂಟಲಿನ ತೊಂದರೆ ಇಲ್ಲವಲ್ಲ.

ತಾಳ ಕಲಿಸಲು ಊರಿನ ಹೆಸರುಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಕನ್ನಡ ಪೀರಿಯಡ್‌ನಲ್ಲಿ ಲಘು ಗುರು ಹಾಕುತ್ತಾರಲ್ಲ, ಅದೇ ಲೆಕ್ಕ. ಗದಗ ಅಂದರೆ ಮೂರು ಮಾತ್ರೆ: ತಕಿಟ. ಹಾಸನ ನಾಲ್ಕು: ತಕಧಿಮಿ. ಬೇಲೂರು ಐದು: ತಕ ತಕಿಟ. ಎಡಗಡೆಯ ಸಾಲು "ಗದಗ" ಅನ್ನಬೇಕು, ಬಲಗಡೆಯ ಸಾಲು "ಹಾಸನ" ಅನ್ನಬೇಕು, ಪ್ರತಿ ಹೆಸರಿನ ಮೊದಲಿಗೆ ಒಂದು ಚಪ್ಪಾಳೆ. ಗದಗ ಹಾಸನ, ಗದಗ ಹಾಸನ. ಐದು ನಿಮಿಷದಲ್ಲಿ ಇಡೀ ಕ್ಲಾಸು ಮಿಶ್ರ ಛಾಪು ಎಂಬ ತಾಳ ಹಿಡಿದಿರುತ್ತದೆ, ಮೂರು ಕೂಡಿಸು ನಾಲ್ಕು ಏಳು. ಹೆಸರು ಆಮೇಲೆ ಹೇಳುತ್ತೇನೆ. ಸಕಲೇಶಪುರ ಕೊಟ್ಟರೆ ಅದೇ ಏಳು ತಿರುವುಮುರುವಾಗುತ್ತದೆ. ಸಕಲೇ ನಾಲ್ಕು, ಶಪುರ ಮೂರು. ಇದನ್ನು ನಾನು ಹೇಳಿಕೊಡುವುದಿಲ್ಲ, ಪ್ರತಿ ವರ್ಷ ಯಾರಾದರೊಬ್ಬರು ಕಂಡುಹಿಡಿಯುತ್ತಾರೆ. ಹಾಗೆ ಕಂಡುಹಿಡಿದ ಮಗುವಿನ ಮುಖ ನೋಡಬೇಕು ನೀವು.

ಇಲ್ಲಿಂದ ಭಾಮಿನಿ ಷಟ್ಪದಿಗೆ ಒಂದೇ ಹೆಜ್ಜೆ. ಅದರ ಸಾಲು ನಡೆಯುವುದೇ ಮೂರು ನಾಲ್ಕು, ಮೂರು ನಾಲ್ಕು ಎಂದು. ಕುಮಾರವ್ಯಾಸನ ಪದ್ಯ ಪಾಠದಲ್ಲಿ ಬಂದಾಗ ನನ್ನ ಮಕ್ಕಳು ಗಣ ವಿಭಾಗ ಮಾಡಲು ಪೆನ್ಸಿಲ್ ಹುಡುಕುವುದಿಲ್ಲ. ತೊಡೆಯ ಮೇಲೆ ಕೈ ತಟ್ಟಿಕೊಂಡು ಓದುತ್ತಾರೆ.

ಆದಿತಾಳಕ್ಕೆ ಬಂದಾಗ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ನಂತರ ಎರಡು ಸಲ ಏಟು ಮತ್ತು ಬೀಸು. ಒಟ್ಟು ಎಂಟು. ತಮಟೆ ಬಾರಿಸುವ ಮನೆಯ ಒಬ್ಬ ಹುಡುಗ ಒಮ್ಮೆ ಡೆಸ್ಕಿನ ಮೇಲೆ ಈ ಎಂಟರ ಒಳಗೆ ಮೂರು-ಮೂರು-ಎರಡು ಬಾರಿಸಿ ತೋರಿಸಿದ. ಅದನ್ನು ಕ್ಲಾಸಿಗೆ ಅವನೇ ಕಲಿಸಿದ, ನಾನು ಬೆಂಚಿನಲ್ಲಿ ಕೂತೆ. ಓದಿನಲ್ಲಿ ಹಿಂದೆ ಎಂದು ಎಲ್ಲರೂ ಅಂದುಕೊಂಡಿದ್ದ ಹುಡುಗ ಅವನು.

ಜುಲೈನಲ್ಲಿ ಸ್ವರ ಶುರು. ಇಲ್ಲಿ ನಾನು ಹಿರಿಯರ ದಾರಿಯಿಂದ ಸ್ವಲ್ಪ ಸರಿಯುತ್ತೇನೆ. ಪುರಂದರದಾಸರ ಕಾಲದಿಂದ ಬಂದ ಪಾಠ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸ್ವರಗಳನ್ನು ಕ್ರಮವಾಗಿ ಹತ್ತಿ ಇಳಿಯುವ ಮೊದಲ ಅಭ್ಯಾಸದಿಂದ, ಶುರುವಾಗುತ್ತದೆ. ಅದಕ್ಕೆ ಒಳ್ಳೆಯ ಕಾರಣ ಇದೆ. ಸ ದಿಂದ ಮ ವರೆಗೆ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ ಪ ದಿಂದ ಮೇಲಿನ ಸ ವರೆಗೂ ಅಷ್ಟಷ್ಟೇ. ಅರ್ಧ ಕಲಿತರೆ ಇನ್ನರ್ಧ ತಾನೇ ಬರುತ್ತದೆ. ಗುರುವಿನ ಎದುರು ಒಂದೇ ಮಗು ಕೂತಾಗ ಅದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಆದರೆ ಅದರಲ್ಲಿ ಸ ಮತ್ತು ರಿ ತೀರಾ ಹತ್ತಿರ. 44 ಮಕ್ಕಳು ಒಟ್ಟಿಗೆ ಹಾಡುವಾಗ ಆ ಸಣ್ಣ ಅಂತರ ಕಲಸಿಹೋಗುತ್ತದೆ. ಯಾರದು ತಪ್ಪು ಎಂದು ನನಗೂ ಕೇಳಿಸುವುದಿಲ್ಲ. ಹಾಗಾಗಿ ಮೋಹನ ರಾಗದಿಂದ ಹೊರಡುತ್ತೇನೆ. ಸ ರಿ ಗ ಪ ದ, ಐದೇ ಸ್ವರ, ಎಲ್ಲವೂ ದೂರ ದೂರ. ಧಾರವಾಡದ ಕಡೆಯವರು ಭೂಪ್ ಅನ್ನುವುದು ಇದೇ ಸ್ವರಗಳ ರಾಗಕ್ಕೆ. ತಪ್ಪಿದರೆ ತಪ್ಪಿದವರಿಗೇ ತಿಳಿಯುತ್ತದೆ. ದಸರಾ ರಜೆ ಮುಗಿಸಿ ಬಂದ ಮೇಲೆ ಮಾಯಾಮಾಳವಗೌಳ. ಆಗ ಕಿವಿ ತಯಾರಾಗಿರುತ್ತದೆ. ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಬೇಕು ಅನ್ನುವವರು ಬೆಳಿಗ್ಗೆ ಬೇಗ ಬರುತ್ತಾರೆ, ಅವರಿಗೆ ಮೊದಲಿನಿಂದ ಕ್ರಮವಾಗಿ ಹೇಳಿಕೊಡುತ್ತೇನೆ. ಅದು ಬೇರೆ ಲೆಕ್ಕ.

ಈಗ ಧ್ವನಿ ಬದಲಾಗುತ್ತಿರುವ ಹುಡುಗರ ವಿಷಯ. ನಿಜವಾದ ಪ್ರಶ್ನೆ ಇದೇ ತಾನೇ.

ಹೋದ ವರ್ಷದ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಎತ್ತರದ ಹುಡುಗ, ಕಿಟಕಿ ಪಕ್ಕದ ಬೆಂಚು. ಬೆಳಗಿನ ಪ್ರಾರ್ಥನೆಯಲ್ಲಿ ತುಟಿ ಆಡುತ್ತಿತ್ತು, ಸದ್ದಿಲ್ಲ. ನನ್ನ ಅಣ್ಣನ ತುಟಿ ನೋಡಿ ಬೆಳೆದವಳು ನಾನು, ದೂರದಿಂದಲೇ ಗೊತ್ತಾಯಿತು. ಒಂದು ದಿನ ಊಟದ ಬಿಡುವಿನಲ್ಲಿ ಕರೆದೆ. ಹಾಡು ಅನ್ನಲಿಲ್ಲ. "ನಾನು ಏನೋ ಕೇಳ್ತೀನಿ, ನೀನು ಸುಮ್ನೆ ಹೂಂ ಅನ್ನು" ಅಂದೆ.

"ಊಟ ಆಯ್ತಾ?"

"ಹೂಂ."

"ಇನ್ನೂ ಉದ್ದಕ್ಕೆ."

"ಹೂಂಂಂ."

ಆ ಹೂಂ ಹಾರ್ಮೋನಿಯಂನಲ್ಲಿ ಎಲ್ಲಿದೆ ಎಂದು ಹುಡುಕಿದೆ. ಬಿಳಿ ಮೂರು, ಅಂದರೆ ಮೂರನೆಯ ಬಿಳಿ ಮನೆ. ಆ ಮನೆಯನ್ನೇ ಒತ್ತಿ ಹಿಡಿದೆ. ಅವನ ಧ್ವನಿ, ಹಾರ್ಮೋನಿಯಂ ಧ್ವನಿ ಎರಡೂ ಒಂದಾದವು. ಅವನು ತಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದ. ಅಲ್ಲಿಂದ ಮೇಲಕ್ಕೆ ಬಿಳಿ ನಾಲ್ಕು, ಬಿಳಿ ಐದು. ನಮ್ಮ ಕ್ಲಾಸಿನ ಶ್ರುತಿ, ಅಂದರೆ ಎಲ್ಲರೂ ಸ ಎಂದು ಹಿಡಿಯುವ ಮನೆ, ಬಿಳಿ ಐದು. ಅಂದರೆ ತಾನಿದ್ದ ಜಾಗದಿಂದಲೇ ಎರಡು ಹೆಜ್ಜೆ ನಡೆದು ಅವನು ಎಲ್ಲರ ಸ ಮುಟ್ಟಿದ್ದ. ಇನ್ನೂ ಮೇಲೆ ಹೋದೆವು. ಪ ವರೆಗೆ ಬಂತು, ದ ಹತ್ತಿರ ಧ್ವನಿ ಎರಡಾಯಿತು. ಅಲ್ಲಿಗೆ ನಿಲ್ಲಿಸಿದೆ. ಕೆಳಗೆ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಪ ಸಿಕ್ಕಿತು, ಅದರ ಕೆಳಗೆ ಬರೀ ಗಾಳಿ. ಅವನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟೆ: ಕೆಳಗಿನ ಪ ದಿಂದ ಮೇಲಿನ ಪ ವರೆಗೆ ನಿನ್ನ ಜಾಗ. ಪ್ರತಿ ತಿಂಗಳು ಅಳೆದು ನೋಡೋಣ.

ಇಂಥ ಹುಡುಗರು ಆ ವರ್ಷ ಏಳು ಜನ ಇದ್ದರು. ಅವರನ್ನೆಲ್ಲ ಸೇರಿಸಿ ತಂಬೂರಿ ಗುಂಪು ಎಂದು ಮಾಡಿದೆ. ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಮಂದ್ರದ ಪ, ನಡುವಿನ ಎರಡೂ ಮಧ್ಯದ ಸ, ಕೊನೆಯದು ಮಂದ್ರದ ಸ. ಉಳಿದವರು ಮೋಹನದಲ್ಲಿ ಹಾಡು ಹೇಳುವಾಗ ಈ ಏಳು ಜನ ಅಕಾರದಲ್ಲಿ, ಬಾಯಲ್ಲಿ ಬರೀ ಆ ಎನ್ನುತ್ತಾ, ಪ, ಸ, ಸ ಸ್ವರಗಳನ್ನು ಮೀಟುತ್ತಾ ಕೂರಬೇಕು. ನಾಲ್ಕನೆಯ ತಂತಿ ಅವರಲ್ಲಿ ಯಾರಿಗೂ ಎಟುಕುತ್ತಿರಲಿಲ್ಲ. ಆ ಒಂದು ಎಣಿಕೆ ಬಾಯಿ ಮುಚ್ಚಿ ಕಾಯುತ್ತಿದ್ದರು, ಶ್ರುತಿಪೆಟ್ಟಿಗೆ ಅದನ್ನು ತುಂಬುತ್ತಿತ್ತು. ಇದು ಸುಲಭದ ಕೆಲಸ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಸುತ್ತ 37 ಮಕ್ಕಳು ಬೇರೆ ಸ್ವರ ಹಾಡುವಾಗ ಒಂದೇ ಸ ಹಿಡಿದು ಕೂರಲು ಎಷ್ಟು ಕಿವಿ ಬೇಕು! ವರ್ಷದ ಕೊನೆಗೆ ಕ್ಲಾಸಿನಲ್ಲಿ ಎಲ್ಲರಿಗಿಂತ ಗಟ್ಟಿ ಶ್ರುತಿಜ್ಞಾನ ಇದ್ದದ್ದು ಈ ಏಳು ಜನಕ್ಕೇ.

ಅವರಿಗೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಧ್ವನಿ ಕೇಳಿಸುತ್ತೇನೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಅವರ ಧ್ವನಿ ಚಿಕ್ಕಂದಿನಲ್ಲಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ಅದು ಪೂರ್ತಿ ಬದಲಾಗಿ ಗಂಡಸಿನ ಧ್ವನಿಯಷ್ಟು ದಪ್ಪವಾಯಿತು. ಅವರು ಹಾಡುವುದು ಬಿಡಲಿಲ್ಲ. ಬಂದ ಧ್ವನಿಯಲ್ಲೇ ಹಾಡಿದರು, ಲೋಕ ಅವರನ್ನು ಗುರುತಿಸಿದ್ದೂ ಅದೇ ಧ್ವನಿಯಿಂದ. ಹಳೆಯ ಧ್ವನಿಮುದ್ರಣ, ಹೊಸ ಧ್ವನಿಮುದ್ರಣ ಎರಡೂ ಒಂದಾದ ಮೇಲೊಂದು ಹಾಕಿದಾಗ ಹುಡುಗರು ನಂಬುವುದಿಲ್ಲ. "ಮಿಸ್, ಇಬ್ಬರೂ ಒಬ್ಬರೇನಾ?" ಅನ್ನುತ್ತಾರೆ.

ಬೇರೆ ಟೀಚರುಗಳಿಗೆ ಒಂದು ಮಾತು. ಬೆಳಗಿನ ಪ್ರಾರ್ಥನೆಯ ಶ್ರುತಿ ನೋಡಿಕೊಳ್ಳಿ. ಸಾಮಾನ್ಯವಾಗಿ ಚೆನ್ನಾಗಿ ಹಾಡುವ ಒಬ್ಬ ಹುಡುಗಿಗೆ ಮೈಕ್ ಕೊಡುತ್ತೇವೆ. ಅವಳು ತನಗೆ ಹಿತವಾದ ಎತ್ತರದಲ್ಲಿ ಎತ್ತಿಕೊಳ್ಳುತ್ತಾಳೆ. ರಾಷ್ಟ್ರಗೀತೆ 52 ಸೆಕೆಂಡಿನದು. ಅಷ್ಟರಲ್ಲೇ "ಜಯ ಹೇ" ಎಂದು ಮೇಲೆ ಹೋಗುವ ಜಾಗ ಬಂದಾಗ ಅರ್ಧ ಹುಡುಗರು ಬಾಯಿ ಮುಚ್ಚಿರುತ್ತಾರೆ. ಅದಕ್ಕೆ ಶಿಸ್ತು ಇಲ್ಲ ಅಂತ ಬೈಸಿಕೊಳ್ಳುತ್ತಾರೆ. ಎರಡು ಮನೆ ಇಳಿಸಿ ಶುರು ಮಾಡಿ ನೋಡಿ, ಸಾಕು. ಸ್ಪೋರ್ಟ್ಸ್ ಡೇ ದಿನ ಕೂಗಾಡಿದ ಗಂಟಲಿಗೆ ಮರುದಿನ ಹಾಡಲು ಹೇಳಬೇಡಿ. ಎಲ್ಲರ ಮುಂದೆ ಒಬ್ಬನನ್ನೇ ನಿಲ್ಲಿಸಿ ಹಾಡಿಸಲೂ ಬೇಡಿ, ಅವನೇ ಕೇಳಿಕೊಳ್ಳುವವರೆಗೆ. ಧ್ವನಿ ಸೀಳಿದಾಗ ಯಾರಾದರೂ ನಕ್ಕರೆ ಪಾಠ ಅಲ್ಲಿಗೇ ನಿಲ್ಲಿಸಿ. ನನ್ನ ಕ್ಲಾಸಿನಲ್ಲಿ ನಾನು ಜೋರು ಮಾಡುವುದು ಅದೊಂದಕ್ಕೇ.

ಇನ್ನು "ಐದಾರು ವರ್ಷಕ್ಕೇ ಶುರು ಮಾಡಬೇಕಿತ್ತಲ್ವಾ" ಅನ್ನುವುದು. ಮಾಡಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ಹದಿಮೂರರ ಮಗುವಿಗೆ ಲೆಕ್ಕ ಗೊತ್ತು, ಓದಲು ಗೊತ್ತು, ಯಾಕೆ ಹೀಗೆ ಎಂದು ಕೇಳಲು ಗೊತ್ತು. ಆರು ವರ್ಷದ ಮಗು ಒಂದು ವರ್ಷ ತೆಗೆದುಕೊಳ್ಳುವ ತಾಳವನ್ನು ಇವರು ಮೂರು ತಿಂಗಳಲ್ಲಿ ಹಿಡಿಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕಚೇರಿ ಮಾಡುವವರು ಇವರಲ್ಲಿ ಎಷ್ಟು ಜನ ಎಂದು ಕೇಳಿದರೆ, ಬಹಳ ಕಡಿಮೆ. ನಾನು ಕಲಿಸುತ್ತಿರುವುದು ಕಚೇರಿಗೆ ಅಲ್ಲ. ಐವತ್ತು ದಾಟಿದ ಮೇಲೂ ಭಜನೆಯಲ್ಲಿ ಧ್ವನಿ ತೆಗೆಯಲಿ ಎಂದು.

ಆ ಎತ್ತರದ ಹುಡುಗನನ್ನು ತಿಂಗಳಿಗೊಮ್ಮೆ ಅಳೆಯುತ್ತಾ ಬಂದೆ. ಸೆಪ್ಟೆಂಬರಿನಲ್ಲಿ ಮಂದ್ರದ ಪ ಕೆಳಗೆ ಒಂದು ಮನೆ ಸಿಕ್ಕಿತು. ಡಿಸೆಂಬರಿನಲ್ಲಿ ಇನ್ನೆರಡು. ಅವನು ಹಾಳೆಯಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದು ಬರೆಯುತ್ತಿದ್ದ. ಫೆಬ್ರವರಿಯ ಒಂದು ಮಧ್ಯಾಹ್ನ ಹಾಡಿನ ನಡುವೆ ಕರೆಂಟ್ ಹೋಯಿತು. ಶ್ರುತಿಪೆಟ್ಟಿಗೆ ನಿಂತಿತು. ತಂಬೂರಿ ಗುಂಪು ನಿಲ್ಲಲಿಲ್ಲ. ಪ, ಸ, ಸ, ಆಮೇಲೆ ಆ ಖಾಲಿ ಎಣಿಕೆ. ಮತ್ತೆ ಪ, ಸ, ಸ. ಈ ಸಲ ಖಾಲಿ ಜಾಗದಲ್ಲಿ ಕಿಟಕಿ ಪಕ್ಕದಿಂದ ಒಂದು ಧ್ವನಿ ಬಂತು. ಮಂದ್ರದ ಸ. ನನ್ನ ಗಂಟಲಿಗೆ ಆ ಸ್ವರ ಇಲ್ಲ, ನಾನು ಹಾಡಿ ತೋರಿಸುವ ಹಾಗೂ ಇರಲಿಲ್ಲ. ಅವನೇ ಹುಡುಕಿಕೊಂಡಿದ್ದ. ಮುಂದಿನ ಬೆಂಚಿನ ಹುಡುಗಿಯರು ಹಾಡುತ್ತಲೇ ಹಿಂದೆ ತಿರುಗಿ ನೋಡಿದರು. ಅವನು ಕಿಟಕಿಯ ಆಚೆ ನೋಡುತ್ತಾ ಮುಂದಿನ ಸುತ್ತಿಗೆ ಉಸಿರು ತೆಗೆದುಕೊಂಡ.