ಹಳದಿ ಬಸ್ಸು, ಎತ್ತರದ ಕಲ್ಲು: ನಕ್ಷೆ ಕೆಲಸದ ಆರು ತಿಂಗಳು

ಮೊದಲು ಒಂದು ತಿದ್ದುಪಡಿ. ನಮ್ಮ ಮನೆಯ ಸುತ್ತಲಿನ ಮೂವತ್ತೆಂಟು ಬಸ್ ಸ್ಟಾಪ್‌ಗಳ ವಿವರವನ್ನು ನಕ್ಷೆಗೆ ಸೇರಿಸಿ ಮುಗಿಸಿದೆ ಎಂದು ಮಾರ್ಚ್‌ನಲ್ಲಿ ಬೀಗಿದ್ದೆ. ಅವುಗಳಲ್ಲಿ ಇಪ್ಪತ್ತಾರನ್ನು ಈಗ ಅಳಿಸಿ ಹೊಸದಾಗಿ ಬರೆದಿದ್ದೇನೆ. ತಪ್ಪು ನನ್ನದೇ. 'ಗಾಲಿಕುರ್ಚಿಗೆ ಅನುಕೂಲವಿದೆಯೇ?' ಎಂಬ ಪ್ರಶ್ನೆಗೆ ನಾನು ನಿಂತುಕೊಂಡು ಉತ್ತರ ಕೊಟ್ಟಿದ್ದೆ.

ನಾನಿರುವುದು ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ. ವಾರವೆಲ್ಲ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಭಾನುವಾರ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಗೀಳು. ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆ 2004ರಲ್ಲಿ ಇದೇ ದೇಶದಲ್ಲಿ ಹುಟ್ಟಿತು. ಮೊಬೈಲಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡು ನಡೆದರೆ ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ: ಇಲ್ಲಿ ಬೆಂಚು ಇದೆಯೇ, ಸೂರು ಇದೆಯೇ, ಫುಟ್‌ಪಾತಿನ ಅಂಚುಕಲ್ಲು ಎತ್ತರವೋ ತಗ್ಗೋ. ಉತ್ತರಿಸುತ್ತಾ ಹೋಗುವುದು ಪದಬಂಧ ತುಂಬಿಸಿದಂತೆ. ಮನೆಯವಳು ಇದನ್ನು 'ನಿಮ್ಮ ವ್ರತ' ಎನ್ನುತ್ತಾಳೆ.

ವ್ರತ ಕೆಡಿಸಿದವಳು ಪಕ್ಕದ ಮನೆಯ ಹುಡುಗಿ. ಅವರ ಕುಟುಂಬ ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರದ ಕಡೆಯಿಂದ ಎರಡು ತಲೆಮಾರಿನ ಹಿಂದೆ ಬಂದದ್ದು, ಹಾಗಾಗಿ ನಾನು ಅವಳಿಗೆ 'ಅಂಕಲ್'. ಹದಿನೆಂಟು ತುಂಬಿದೆ, ಕಾಲೇಜು ಓದುತ್ತಾಳೆ, ಮೋಟಾರಿನ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ನನ್ನ ನಕ್ಷೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದವಳು, ಗಾಲಿಕುರ್ಚಿಗೆ ಅನುಕೂಲ ಎನ್ನುವ ಒಂದು ಹಸಿರು ಚುಕ್ಕೆಯ ಮೇಲೆ ಬೆರಳಿಟ್ಟು, "ಅಂಕಲ್, ನೀವು ಇಲ್ಲಿಗೆ ಯಾವ ದಾರಿಯಲ್ಲಿ ಹೋದಿರಿ? ನನಗೂ ತೋರಿಸಿ" ಎಂದಳು. ಅದು ಕುಹಕ ಎಂದು ನನಗೆ ತಿಳಿಯುವಷ್ಟರಲ್ಲಿ ಇಬ್ಬರೂ ಬೀದಿಯಲ್ಲಿದ್ದೆವು.

ಏಪ್ರಿಲ್

ಆ ಸ್ಟಾಪ್ ಮನೆಯಿಂದ ನಾನೂರು ಮೀಟರ್. ನನ್ನ ಕಾಲಿಗೆ ಐದು ನಿಮಿಷ. ಅಂದು ನಮಗೆ ಹಿಡಿದದ್ದು ಇಪ್ಪತ್ತೆರಡು.

ಸ್ಟಾಪ್ ಚೆನ್ನಾಗಿಯೇ ಇದೆ. ಅಲ್ಲಿನ ಅಂಚುಕಲ್ಲನ್ನು ಎತ್ತರಿಸಿದ್ದಾರೆ. ಟೇಪು ಹಿಡಿದೆ, 160 ಮಿಲಿಮೀಟರ್. ಕಲ್ಲು ಎತ್ತರವಿದ್ದಷ್ಟೂ ಬಸ್ಸಿನಿಂದ ಹೊರಚಾಚುವ ಹಲಗೆಯ ಇಳಿಜಾರು ಕಡಿಮೆ, ಕುರ್ಚಿ ಸಲೀಸಾಗಿ ಹತ್ತುತ್ತದೆ. ನಾನು ನೋಡಿದ್ದು ಇದನ್ನು ಮಾತ್ರ. ತೊಂದರೆ ಇದ್ದದ್ದು ದಾರಿಯಲ್ಲಿ. ಅಡ್ಡರಸ್ತೆ ದಾಟುವಲ್ಲಿ ಕಲ್ಲು ನೆಲಕ್ಕೆ ಸಮನಾಗಿರಬೇಕು, ಇಲ್ಲಿನ ಮಾರ್ಗಸೂಚಿಯ ಪ್ರಕಾರ ಹೆಚ್ಚೆಂದರೆ ಆರು ಮಿಲಿಮೀಟರ್ ಎದ್ದಿರಬಹುದು. ನಮ್ಮ ಬೀದಿಯ ತುದಿಯಲ್ಲಿ ಅದು ಮೂವತ್ತೊಂದು. ಬರಿಗಣ್ಣಿಗೆ ಅದೂ ಇಳಿಸಿದ ಕಲ್ಲಿನಂತೆಯೇ ಕಾಣುತ್ತದೆ. ಅವಳು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಗಾಲಿಗಳನ್ನು ಮೊದಲು ಇಳಿಸಲು ನೋಡಿದಳು. ಕುರ್ಚಿ ಒಮ್ಮೆ ವಾಲಿತು. ನಾನು ಹಿಡಿಯಲು ಕೈ ಚಾಚಿದೆ. "ಕುರ್ಚಿ ಮುಟ್ಟಬೇಡಿ" ಎಂದಳು, ಗಟ್ಟಿಯಾಗಿ. ಮೇಲೆ ಬಂದು ಮುಂದಿನ ದಾರಿ ಹಿಡಿದಳು, ಅಲ್ಲಿ ಯಾರದೋ ಕಾರು ಫುಟ್‌ಪಾತಿನ ಮೇಲೆ ಅರ್ಧ ಹತ್ತಿ ನಿಂತಿತ್ತು. ಅದನ್ನು ಬಳಸಲು ಇನ್ನೊಂದು ಬೀದಿ.

ಒಂದೇ ಕಲ್ಲು ಬಸ್ ಹತ್ತುವಲ್ಲಿ ಎತ್ತರ ಇರಬೇಕು, ರಸ್ತೆ ದಾಟುವಲ್ಲಿ ಇರಲೇಬಾರದು. ನನ್ನ ಹಳೆಯ ಮೂವತ್ತೆಂಟು ನಮೂದುಗಳಲ್ಲಿ ಎರಡನೆಯದರ ಸುದ್ದಿಯೇ ಇರಲಿಲ್ಲ. ಆ ರಾತ್ರಿಯೇ ಅಳಿಸತೊಡಗಿದೆ.

ಮೇ, ಜೂನ್

ಹೊಸ ಪದ್ಧತಿ: ಸ್ಟಾಪ್‌ನಿಂದ ಶುರು ಮಾಡುವುದಿಲ್ಲ, ಮನೆ ಬಾಗಿಲಿನಿಂದ ಶುರು. ನಾನು, ನನ್ನ ಹದಿನಾರರ ಮಗ, ಅವಳು. ಮಗ ಟೇಪು ಹಿಡಿಯುತ್ತಾನೆ, ನಾನು ಬರೆಯುತ್ತೇನೆ, ಅವಳು ತೀರ್ಪು ಕೊಡುತ್ತಾಳೆ. ಗುರುವಾರ ನಮ್ಮಲ್ಲಿ ಕಸದ ಡಬ್ಬಿ ಹೊರಗಿಡುವ ದಿನ. ಅಂದು ಫುಟ್‌ಪಾತ್ ಎಂಬುದೇ ಇರುವುದಿಲ್ಲ, ಎದೆಯೆತ್ತರದ ಡಬ್ಬಿಗಳ ಮೆರವಣಿಗೆ. ಇದನ್ನು ನಕ್ಷೆಯಲ್ಲಿ ಹೇಗೆ ಗುರುತಿಸುವುದೋ ಇನ್ನೂ ಹೊಳೆದಿಲ್ಲ.

ಬಸ್ಸಿನ ಮಾತೆತ್ತಿದರೆ ಇಲ್ಲಿ ಮೇಯರ್ ವಿಷಯ ಬರುತ್ತದೆ, ಸ್ವಲ್ಪ ವಿವರಿಸಬೇಕು. ಮೇಯರ್ ಎಂದರೆ ನಮ್ಮ ಕಣ್ಣಿಗೆ ಬರುವುದು ನಿಲುವಂಗಿ ತೊಟ್ಟು, ವರ್ಷ ಕಳೆಯುವುದರೊಳಗೆ ಕುರ್ಚಿ ಬಿಡುತ್ತಿದ್ದ ಬೆಂಗಳೂರು ಪಾಲಿಕೆಯ ಮೇಯರ್. ಇಲ್ಲಿಯ ಪ್ರಾದೇಶಿಕ ಮೇಯರ್ ಬೇರೆ ಜಾತಿ. ಬೋಲ್ಟನ್, ವಿಗನ್, ಓಲ್ಡಮ್, ಸ್ಟಾಕ್‌ಪೋರ್ಟ್ ಹೀಗೆ ಹತ್ತು ಸ್ಥಳೀಯ ಮಂಡಳಿಗಳು, 28 ಲಕ್ಷಕ್ಕೂ ಹೆಚ್ಚು ಜನ, ಎಲ್ಲರೂ ಸೇರಿ ನೇರವಾಗಿ ಒಬ್ಬರನ್ನು ಆರಿಸುತ್ತಾರೆ. 2017ರ ಮೊದಲ ಚುನಾವಣೆಯಲ್ಲಿ ಆ್ಯಂಡಿ ಬರ್ನಮ್ ಗೆದ್ದರು, 2021 ಮತ್ತು 2024ರಲ್ಲೂ ಅವರೇ. ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನಲ್ಲಿ 1986ರಿಂದ ಬಸ್ಸುಗಳು ಖಾಸಗಿಯವರ ಇಷ್ಟಕ್ಕೆ ಬಿಟ್ಟಿದ್ದವು. ಯಾವ ದಾರಿ, ಎಷ್ಟು ದುಡ್ಡು, ಯಾವ ಹೊತ್ತು ಎಲ್ಲವೂ ಅವರದೇ ತೀರ್ಮಾನ. 2017ರ ಕಾಯ್ದೆ ಮೇಯರ್‌ಗಳಿಗೆ ಆ ಹಿಡಿತ ಮರಳಿ ಪಡೆಯುವ ಅಧಿಕಾರ ಕೊಟ್ಟಿತು. ಅದನ್ನು ಮೊದಲು ಬಳಸಿದ್ದು ಈ ಊರು. 2023ರ ಸೆಪ್ಟೆಂಬರ್‌ನಿಂದ 2025ರ ಜನವರಿಯೊಳಗೆ ಮೂರು ಕಂತಿನಲ್ಲಿ ಎಲ್ಲ ಬಸ್ಸುಗಳೂ ಹಳದಿಯಾದವು, ಹೆಸರು ಬೀ ನೆಟ್‌ವರ್ಕ್. ಜೇನುನೊಣ ಮ್ಯಾಂಚೆಸ್ಟರ್‌ನ ಲಾಂಛನ.

ಹಾಗಾಗಿ ನಾನು ಒಂದು ನೋಟ್‌ಬುಕ್ ಇಟ್ಟೆ. ಸ್ಟಾಪ್‌ನಲ್ಲಿ ಕಾಯುವವರನ್ನು, ಮುಖ್ಯವಾಗಿ ಹುಡುಗರನ್ನು ಮತ್ತು ಅಂಗವಿಕಲರನ್ನು, ಒಂದೇ ಪ್ರಶ್ನೆ ಕೇಳುವುದು: ಮೇಯರ್ ಈಗ ಇಲ್ಲಿಗೆ ಬಂದರೆ ಏನು ಕೇಳುತ್ತೀರಿ? ದೊಡ್ಡ ದೊಡ್ಡ ಕನಸುಗಳು ಸಿಗುತ್ತವೆ ಎಂದುಕೊಂಡಿದ್ದೆ. ಸಿಕ್ಕದ್ದು ಇಂಥವು. ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗ: "ನನ್ನ ಪಾಳಿ ಮುಗಿಯುವ ಹೊತ್ತಿಗೆ ಒಂದು ಬಸ್ಸು." ರಾತ್ರಿಯಿಡೀ ಓಡುವ ಬಸ್ಸುಗಳ ಪ್ರಯೋಗ 2024ರಲ್ಲಿ ಶುರುವಾದದ್ದು ಲೀ ಮತ್ತು ಬೋಲ್ಟನ್ ಕಡೆಯ ಎರಡೇ ದಾರಿಗಳಲ್ಲಿ, ಅವನ ಮನೆ ಆ ಎರಡರಲ್ಲೂ ಇಲ್ಲ. ಕಣ್ಣು ಮಸುಕಾದ ಹಿರಿಯರೊಬ್ಬರು: "ಬಸ್ಸಿನ ಒಳಗೆ ಮುಂದಿನ ಸ್ಟಾಪ್ ಯಾವುದೆಂದು ಕೂಗುತ್ತದೆ, ಸಂತೋಷ. ಆದರೆ ಎದುರಿಗೆ ಬಂದು ನಿಂತದ್ದು ಯಾವ ಬಸ್ಸು ಎಂದು ಹೊರಗಿರುವ ನನಗೆ ಯಾರು ಹೇಳುತ್ತಾರೆ?" ಬೆನ್ನುನೋವಿನ ಹೆಂಗಸು: ಬೆಂಚು, ಜಾರುವ ಹಲಗೆಯಲ್ಲ, ಬೆಂಚು. ಇಲ್ಲಿನ ಕೆಲವು ತಂಗುದಾಣಗಳಲ್ಲಿ ಓರೆಯಾದ ಕಂಬಿಯೊಂದಿರುತ್ತದೆ, ಒರಗಬಹುದೇ ಹೊರತು ಕೂರಲಾಗದು. ಬಾಗಿದ ಬೆನ್ನಿಗೆ ಅದು ಶಿಕ್ಷೆ. ಒಬ್ಬ ಪುಟ್ಟ ಹುಡುಗ ಮೇಯರ್ ಜೊತೆ ಫುಟ್‌ಬಾಲ್ ಆಡಬೇಕು ಎಂದ. ಅದನ್ನೂ ಬರೆದುಕೊಂಡೆ.

'ವಿಶೇಷಚೇತನ' ಎಂಬ ನಮ್ಮ ಪದದ ಅರ್ಥವನ್ನು ಒಮ್ಮೆ ಅವಳಿಗೆ ಹೇಳಿದ್ದೆ, ಹೆಮ್ಮೆಯಿಂದಲೇ. ನಕ್ಕುಬಿಟ್ಟಳು. "ನನ್ನಲ್ಲಿ ವಿಶೇಷವೇನೂ ಇಲ್ಲ, ವಿಶೇಷ ಇರುವುದು ಆ ಕಲ್ಲಿನಲ್ಲಿ." ಈ ದೇಶದ ಅಂಗವಿಕಲರ ಚಳವಳಿ ಎಪ್ಪತ್ತರ ದಶಕದಿಂದ ಹೇಳುತ್ತಾ ಬಂದದ್ದು ಇದನ್ನೇ: ಕಾಲು ಆಡದಿರುವುದು ಒಂದು ಸಂಗತಿ, ಮೆಟ್ಟಿಲು ಕಟ್ಟಿ ತಡೆಯುವುದು ಇನ್ನೊಂದು, 'ಅಂಗವೈಕಲ್ಯ' ಎನ್ನಬೇಕಾದದ್ದು ಎರಡನೆಯದನ್ನು. ಅವಳು ಅದನ್ನು ಪುಸ್ತಕದಲ್ಲಿ ಓದಿರಲಿಕ್ಕಿಲ್ಲ.

ಜುಲೈ: ಲಿವರ್‌ಪೂಲ್

ಕೆಲಸಕ್ಕೆ ನೇರ ಸಂಬಂಧವಿಲ್ಲದ ಪ್ರವಾಸ, ಆದರೂ ಬರೆಯಬೇಕು. ಪಕ್ಕದ ಲಿವರ್‌ಪೂಲ್ ಪ್ರದೇಶಕ್ಕೂ ಇಂಥದೇ ಮೇಯರ್ ಇದ್ದಾರೆ, ಸ್ಟೀವ್ ರಾದರಮ್. ಅಲ್ಲಿನ ಹೊಸ ರೈಲುಗಳನ್ನು ಪ್ರಾದೇಶಿಕ ಆಡಳಿತವೇ ಕೊಂಡಿದೆ, 2023ರಿಂದ ಓಡುತ್ತಿವೆ. ಎರಡು ಮನೆಯವರೂ ಕಾರಿನಲ್ಲಿ ಹೋಗಿ, ಅಲ್ಲಿಂದ ಸಮುದ್ರ ನೋಡಲು ಸೌತ್‌ಪೋರ್ಟ್‌ಗೆ ರೈಲು ಹಿಡಿದೆವು. ಬಾಗಿಲು ತೆರೆಯುವಾಗ ಅದರ ಕೆಳಗಿನಿಂದ ಒಂದು ಮೆಟ್ಟಿಲು ನಾಲಗೆಯಂತೆ ಹೊರಬಂದು ಪ್ಲಾಟ್‌ಫಾರ್ಮಿನ ಸಂದಿಯನ್ನು ಮುಚ್ಚಿತು. ಅವಳು ಒಳಗೆ ಹೋದಳು. ಸಿಬ್ಬಂದಿಯನ್ನು ಕರೆಯಲಿಲ್ಲ, ಹಲಗೆ ತರಿಸಲಿಲ್ಲ, ಯಾರಿಗೂ 'ಥ್ಯಾಂಕ್ಸ್' ಹೇಳಲಿಲ್ಲ. ಒಳಗೆ ಕಿಟಕಿಯ ಬಳಿ ಕುರ್ಚಿ ನಿಲ್ಲಿಸಿ ಮೊಬೈಲ್ ತೆಗೆದಳು. ಉಳಿದವರೂ ಮೊಬೈಲ್ ನೋಡುತ್ತಿದ್ದರು. ಅವಳ ತಾಯಿ ಮಾತ್ರ ಆ ಮೆಟ್ಟಿಲು ಒಳಸರಿಯುವುದನ್ನು ಮೂರು ನಿಲ್ದಾಣಗಳವರೆಗೂ ನೋಡುತ್ತಲೇ ಇದ್ದರು.

ಅದೇ ತಿಂಗಳು, ಅಂದರೆ 2025ರ ಜುಲೈನಲ್ಲಿ, ಹದಿನಾರಕ್ಕೇ ಮತದ ಹಕ್ಕು ಕೊಡುವುದಾಗಿ ಬ್ರಿಟನ್ ಸರ್ಕಾರ ಪ್ರಕಟಿಸಿತು. ಮಗನಿಗೆ ಹೇಳಿದೆ. "ಹಾಗಾದರೆ ನನ್ನ ಬಸ್ ಪಾಸಿನ ವಿಷಯ ಯಾರಾದರೂ ಕೇಳುತ್ತಾರೆ" ಎಂದ. ಕೊಂಚ ಸ್ವಾರ್ಥದ ಮಾತೇ, ಆದರೆ ಪಾಸಿನ ಕಥೆ ನಿಜಕ್ಕೂ ದೊಡ್ಡದು.

ಆಗಸ್ಟ್: ಒಂಬತ್ತೂವರೆ

ಹದಿನಾರರಿಂದ ಹದಿನೆಂಟರವರೆಗಿನವರಿಗೆ ಇಲ್ಲಿ 'ಅವರ್ ಪಾಸ್' ಇದೆ, 2019ರಲ್ಲಿ ಮೇಯರ್ ತಂದದ್ದು. ಒಮ್ಮೆ ಹತ್ತು ಪೌಂಡ್ ಕೊಟ್ಟರೆ ಬಸ್ಸು ಉಚಿತ, ಬೆಳಗ್ಗೆ ಆರಕ್ಕೂ ಸರಿ. ಹದಿನೆಂಟು ತುಂಬಿದ ಮೇಲೆ ಬರುವ ಆಗಸ್ಟ್ 31ಕ್ಕೆ ಅದು ಮುಗಿಯುತ್ತದೆ. ಅಂಗವಿಕಲರ ಪಾಸ್ ಬೇರೆ. ಅದು ದೇಶದ ಯೋಜನೆ, 2025ರಲ್ಲಿ ಇಲ್ಲಿ ವಾರದ ದಿನಗಳಲ್ಲಿ ಉಚಿತ ಶುರುವಾಗುತ್ತಿದ್ದುದು ಬೆಳಗ್ಗೆ 9:30ಕ್ಕೆ. ಅಂದರೆ ಪಕ್ಕದ ಮನೆಯವಳು 'ಯುವತಿ'ಯಾಗಿದ್ದಷ್ಟು ದಿನ ಏಳು ಗಂಟೆಗೆ ಉಚಿತವಾಗಿ ಹೋಗಬಹುದಿತ್ತು. ಸೆಪ್ಟೆಂಬರ್ ಒಂದರಿಂದ ಅವಳು ಪಾಸಿನ ಲೆಕ್ಕದಲ್ಲಿ ಬರೀ 'ಅಂಗವಿಕಲೆ', ತರಗತಿ ಒಂಬತ್ತಕ್ಕೆ, ಪಾಸು ಒಂಬತ್ತೂವರೆಗೆ.

2025ರ ಆಗಸ್ಟಿನಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪ್ರಯೋಗವಾಗಿ ಒಂದು ತಿಂಗಳು ಆ 9:30ರ ಗೆರೆಯನ್ನು ತೆಗೆದಿತ್ತು. ಕಾಲೇಜಿಗೆ ರಜೆ ಇರುವ ತಿಂಗಳು ಎಂಬುದನ್ನು ಬಿಟ್ಟರೆ ಒಳ್ಳೆಯ ಕೆಲಸ. ಊರಿನಿಂದ ಬಂದಿದ್ದ ಅಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ನಮ್ಮಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಬಂದಾಗ ಗಡಿಯಾರ ನೋಡಿ ಹತ್ತು ಎಂದು ಯಾರೂ ಹೇಳಲಿಲ್ಲವಲ್ಲ!"

ಇಲ್ಲಿ ಯುವಜನರ ಮಾತು ಕೇಳಲು ಯೂತ್ ಕಂಬೈನ್ಡ್ ಅಥಾರಿಟಿ ಇದೆ, ಅಂಗವಿಕಲರ ಮಾತು ಕೇಳಲು ಡಿಸೇಬಲ್ಡ್ ಪೀಪಲ್ಸ್ ಪ್ಯಾನೆಲ್ ಇದೆ. ಎರಡೂ ಅಗತ್ಯ ಎಂದೇ ನನ್ನ ಅಭಿಪ್ರಾಯ. ಅವಳ ಪ್ರಶ್ನೆ: "ನನ್ನ ಪಾಸಿನ ವಿಷಯ ಯಾವ ಕೋಣೆಯಲ್ಲಿ ಹೇಳಲಿ?"

ಸೆಪ್ಟೆಂಬರ್: ಕಲ್ಲು ಯಾರದು

ನೋಟ್‌ಬುಕ್ಕಿನಿಂದ ಮೇಯರ್‌ಗೆ ಪತ್ರ ಮಾಡಲು ಕುಳಿತೆವು. ಮಗ ಪ್ರತಿ ಬೇಡಿಕೆಯ ಪಕ್ಕ ಅದು ಯಾರ ಕೆಲಸ ಎಂದು ಬರೆಯುತ್ತಾ ಹೋದ, ಅಲ್ಲಿಗೆ ಪತ್ರ ಸೊರಗಿತು. ಬಸ್ಸು, ವೇಳಾಪಟ್ಟಿ, ತಂಗುದಾಣ ಪ್ರಾದೇಶಿಕ ಸಾರಿಗೆ ಸಂಸ್ಥೆಯದು, ಅದು ಮೇಯರ್ ಕೈಕೆಳಗೆ. ಫುಟ್‌ಪಾತು, ಅಂಚುಕಲ್ಲು, ಕಸದ ಡಬ್ಬಿ ಹತ್ತು ಮಂಡಳಿಗಳದು, ಹತ್ತಕ್ಕೂ ಹತ್ತು ರೀತಿ. ಮೂವತ್ತೊಂದು ಮಿಲಿಮೀಟರಿನ ನಮ್ಮ ಕಲ್ಲು ಮೇಯರ್‌ದಲ್ಲ.

ನಾನು ಅದನ್ನು ಪಟ್ಟಿಯಿಂದ ತೆಗೆಯೋಣ ಎಂದೆ. ಅವಳು ಒಪ್ಪಲಿಲ್ಲ. ಹತ್ತು ಮಂಡಳಿಗಳ ಮುಖಂಡರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮಾತಾಡುವ ಅಧ್ಯಕ್ಷ ಅವರೇ ಅಲ್ಲವೇ, ಅಲ್ಲಿ ಈ ಕಲ್ಲನ್ನು ಮೇಜಿನ ಮೇಲಿಡಲಿ ಎಂದಳು. ಜೊತೆಗೆ ನನ್ನ ಕರಡಿನಲ್ಲಿದ್ದ 'ದಯವಿಟ್ಟು', 'ವಿನಂತಿ' ಎಲ್ಲವನ್ನೂ ಹೊಡೆದು ಹಾಕಿದಳು. ಅರ್ಜಿ ಬರೆದು ಬೆಳೆದ ಕೈ ನನ್ನದು, ಒಂದು 'ದಯವಿಟ್ಟು' ಉಳಿಸಿಕೊಳ್ಳಲು ಚೌಕಾಸಿ ಮಾಡಬೇಕಾಯಿತು. ಪತ್ರ ಒಂದೂವರೆ ಪುಟವಾಗಿದೆ: ಒಂಬತ್ತೂವರೆ, ರಾತ್ರಿಯ ಬಸ್ಸು, ಹೊರಗೆ ಕೇಳುವ ದನಿ, ಬೆಂಚು, ಕಲ್ಲು. ಜೊತೆಗೆ ನಮ್ಮ ಅಳತೆಗಳ ನಕ್ಷೆ. ಫುಟ್‌ಬಾಲ್ ಕೂಡ ಕೊನೆಯಲ್ಲಿ ಇದೆ, ಮಗನ ಹಟ.

ಈ ಕೆಲಸ ನಡೆಯುತ್ತಿರುವಾಗಲೇ ಸ್ಥಳೀಯ ಮಂಡಳಿಗೆ ಮಗ ಹಾಕಿದ್ದ ದೂರಿಗೆ ಫಲ ಬಂತು. ಕಳೆದ ಮಂಗಳವಾರ ಇಬ್ಬರು ಬಂದು, ಬೀದಿ ತುದಿಯ ಕಲ್ಲು ಕಿತ್ತು, ಸಿಮೆಂಟು ಹಾಕಿ, ಕಿತ್ತಳೆ ಬಣ್ಣದ ಬೇಲಿ ಕಟ್ಟಿ ಹೋದರು. ಶನಿವಾರ ಬೇಲಿ ತೆಗೆದರು. ಮಗ ಮಂಡಿಯೂರಿ ಟೇಪು ಇಟ್ಟ: ನಾಲ್ಕು ಮಿಲಿಮೀಟರ್. ಅವಳು ಸದ್ದಿಲ್ಲದೆ ಇಳಿದು, ರಸ್ತೆ ದಾಟಿ ಆ ಬದಿಗೆ ಹೋದಳು. ಆ ಬದಿಯ ಕಲ್ಲು ಹಳೆಯದೇ. ಟೇಪು ಎಸೆಯಲು ಹೇಳಿ ತಾನೇ ಬಾಗಿ ಅಳೆದಳು.

"ಇಪ್ಪತ್ತೆಂಟು," ಎಂದು ಕೂಗಿದಳು. ಬರೆದುಕೊಂಡೆ.