ಫ್ರೆಂಚ್ ಓಪನ್‌ಗೆ ಹೊರಟಿದ್ದೀರಾ? ಮೊದಲ ಮೂರು ದಿನ ಹಿಡಿಯಿರಿ

ಪ್ಯಾರಿಸ್‌ಗೆ ಟೆನಿಸ್ ನೋಡಲು ಹೊರಟವರೆಲ್ಲ ಮೊದಲು ಹುಡುಕುವುದು ಫಿಲಿಪ್ ಶಾಟ್ರಿಯೆ ಅಂಕಣದ ಟಿಕೆಟ್. ಸುಮಾರು 15,000 ಜನ ಕೂರುವ ಮುಖ್ಯ ಅಂಕಣ ಅದು. ಫೈನಲ್ಲೇ ಬೇಕು ಎನ್ನುವವರಿಗೆ ಬೇರೆ ದಾರಿಯಿಲ್ಲ. ಆದರೆ ಮಣ್ಣಿನ ಅಂಕಣದ ಆಟ ಹೇಗಿರುತ್ತದೆಂದು ಹತ್ತಿರದಿಂದ ನೋಡುವ ಆಸೆಯಿದ್ದರೆ, ಟೂರ್ನಿಯ ಮೊದಲ ಭಾನುವಾರ, ಸೋಮವಾರ ಅಥವಾ ಮಂಗಳವಾರಕ್ಕೆ ಹೊರ ಅಂಕಣಗಳ, ಅಂದರೆ ಸುತ್ತಲಿನ ಚಿಕ್ಕ ಅಂಕಣಗಳ ಟಿಕೆಟ್ ಕೊಳ್ಳಿ.

ಲೆಕ್ಕ ಹಾಕಿ ನೋಡಿ. ಪುರುಷರ ಸಿಂಗಲ್ಸ್‌ನಲ್ಲಿ 128 ಮಂದಿ, ಮಹಿಳೆಯರಲ್ಲೂ ಅಷ್ಟೇ. ಮೊದಲ ಸುತ್ತಿನ ಒಟ್ಟು 128 ಪಂದ್ಯಗಳು ಈ ಮೂರು ದಿನಗಳಲ್ಲಿ ನಡೆಯಬೇಕು. ದೊಡ್ಡ ಅಂಕಣಗಳಿಗೆ ಅಷ್ಟು ಪಂದ್ಯ ಹಿಡಿಸುವುದಿಲ್ಲ. ಹಾಗಾಗಿ ಟಿವಿಯಲ್ಲಿ ಮಾತ್ರ ಕಂಡ ಆಟಗಾರರು ಕೈಗೆಟಕುವ ದೂರದಲ್ಲಿ ಆಡುತ್ತಿರುತ್ತಾರೆ. ಅದೇ ಟಿಕೆಟ್‌ ಅನ್ನು ಎರಡನೇ ವಾರದ ಮಂಗಳವಾರಕ್ಕೆ ಕೊಂಡರೆ ಕಥೆಯೇ ಬೇರೆ. ಆಗ ಸಿಂಗಲ್ಸ್ ಕ್ವಾರ್ಟರ್‌ಫೈನಲ್ ದೊಡ್ಡ ಅಂಕಣ ಸೇರಿರುತ್ತದೆ. ಹೊರಗೆ ಉಳಿಯುವುದು ಡಬಲ್ಸ್ ಮತ್ತು ಜೂನಿಯರ್ ಪಂದ್ಯಗಳು. ಅವೂ ಚೆನ್ನಾಗಿರುತ್ತವೆ, ಆದರೆ ತಾರೆಯರನ್ನು ನಿರೀಕ್ಷಿಸಿ ಹೋದವರಿಗೆ ಪೆಚ್ಚಾಗುತ್ತದೆ.

ಟಿಕೆಟ್ ಕೊಳ್ಳಬೇಕಾದದ್ದು ಟೂರ್ನಿಯ ಅಧಿಕೃತ ತಾಣದಲ್ಲೇ. ಟಿಕೆಟ್ ಮೇಲೆ ನೋಡುಗರ ಹೆಸರಿರುತ್ತದೆ, ಅದು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಇನಿಶಿಯಲ್ ಬಿಡಿಸಿ ಬರೆಯುವ ನಮ್ಮ ಗೊಂದಲ ಇಲ್ಲಿ ಬೇಡ. ಬೇರೆಯವರಿಂದ ಕೊಂಡ ಟಿಕೆಟ್ ಗೇಟಿನಲ್ಲಿ ನಡೆಯದೆ ಹೋಗಬಹುದು. ಮೊದಲ ಸಲ ಸಿಗಲಿಲ್ಲವೆಂದು ಕೈಬಿಡಬೇಡಿ. ಬರಲಾಗದವರು ಅದೇ ತಾಣದ ಮರುಮಾರಾಟ ವಿಭಾಗದಲ್ಲಿ ಟಿಕೆಟ್ ವಾಪಸ್ ಹಾಕುತ್ತಾರೆ. ಟಿಕೆಟ್ ಇರುವುದು ಮೊಬೈಲ್ ಆ್ಯಪ್‌ನಲ್ಲಿ, ಆದ್ದರಿಂದ ಪವರ್ ಬ್ಯಾಂಕ್ ಮರೆಯಬಾರದು. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕಡೆಯ 15 ದಿನಗಳವರೆಗೆ ಎಳೆದರೆ ಟಿಕೆಟ್ ಕೈಯಲ್ಲಿದ್ದೂ ಮನೆಯಲ್ಲೇ ಕೂರಬೇಕಾದೀತು.

ಶಾಟ್ರಿಯೆ, ಸುಝಾನ್ ಲಾಂಗ್ಲೆನ್, ಸಿಮೋನ್ ಮಾಥ್ಯೂ ಈ ಮೂರು ದೊಡ್ಡ ಅಂಕಣಗಳ ಟಿಕೆಟ್‌ನಲ್ಲಿ ಕಾಯ್ದಿರಿಸಿದ ಸೀಟಿನ ಜೊತೆ ಹೊರ ಅಂಕಣಗಳಿಗೂ ಪ್ರವೇಶವಿದೆ. ಹೊರ ಅಂಕಣದ ಟಿಕೆಟ್ ಇಟ್ಟುಕೊಂಡು ಈ ಮೂರರೊಳಗೆ ಹೋಗುವಂತಿಲ್ಲ. ರಾತ್ರಿ ಪಂದ್ಯಕ್ಕೆ ಬೇರೆಯೇ ಟಿಕೆಟ್. 2021ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಸಿಗುವುದು ಒಂದೇ ಪಂದ್ಯ, ಅದೂ ರಾತ್ರಿ 8.15ರ ಹೊತ್ತಿಗೆ. ಏಕಪಕ್ಷೀಯವಾದರೆ ದುಡ್ಡು ನೀರಿಗೆ ಹಾಕಿದಂತೆ, ಐದು ಸೆಟ್ ಹೋದರೆ ಮೆಟ್ರೊ ನಿಂತಿರಬಹುದು. 2024ರಲ್ಲಿ ಮಳೆಯಿಂದ ತಡವಾದ ಜೊಕೊವಿಚ್–ಮುಸೆಟ್ಟಿ ಪಂದ್ಯ ಮುಗಿದದ್ದು ಬೆಳಗಿನ ಜಾವ 3 ದಾಟಿದ ಮೇಲೆ!

ಮೆಟ್ರೊ 10ನೇ ಮಾರ್ಗದ ಪೋರ್ಟ್ ದೊಟಾಯ್ ನಿಲ್ದಾಣ ಹತ್ತಿರ. 9ನೇ ಮಾರ್ಗದ ಮಿಷೆಲ್ ಆಂಜ್ ಮೊಲಿಟೋರ್‌ನಿಂದಲೂ ನಡೆದು ಹೋಗಬಹುದು. ಹೊರ ಅಂಕಣಗಳಲ್ಲಿ ಆಟ ಬೆಳಿಗ್ಗೆ 11ಕ್ಕೆ ಶುರು, ಗೇಟಿನ ಸಾಲಿನಲ್ಲಿ ಅದಕ್ಕೂ ಒಂದು ಗಂಟೆ ಮೊದಲೇ ನಿಂತಿರಬೇಕು. 15 ಲೀಟರಿಗಿಂತ ದೊಡ್ಡ ಚೀಲ, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಯಾವ ಅಂಕಣದಲ್ಲಿ ಯಾರು ಎಂಬ ಪಟ್ಟಿ ಹಿಂದಿನ ದಿನವಷ್ಟೇ ಬರುತ್ತದೆ. ಒಂದು ಅಂಕಣ ಆರಿಸಿ ಮೊದಲ ಪಂದ್ಯದಿಂದಲೇ ಕುಳಿತುಬಿಡುವುದು ಜಾಣತನ. ಎದ್ದು ಹೋದರೆ ಸೀಟು ಹೋಯಿತು. ಮತ್ತೆ ಒಳಗೆ ಬಿಡುವುದು ಆಟಗಾರರು ಬದಿ ಬದಲಿಸುವಾಗ ಮಾತ್ರ. ನಾಲ್ಕು ಅಂಕಣ ಸುತ್ತುತ್ತೇನೆಂದು ಹೊರಟವರು ದಿನವಿಡೀ ನೋಡುವುದು ಸಾಲನ್ನೇ.

ಕುಳಿತ ಮೇಲೆ ಮೊದಲು ಅಂಕಣವನ್ನು ನೋಡಿ, ಆಟಗಾರರನ್ನು ಆಮೇಲೆ. ಕೆಂಪಗೆ ಕಾಣುವುದು ಇಟ್ಟಿಗೆ ಪುಡಿ, ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೇ. ಅದರ ಕೆಳಗಿರುವುದು ಪುಡಿಮಾಡಿದ ಬಿಳಿ ಸುಣ್ಣಕಲ್ಲು, ಆಮೇಲೆ ಕಲ್ಲಿದ್ದಲಿನ ಕಿಟ್ಟ, ಜಲ್ಲಿ, ದಪ್ಪ ಕಲ್ಲು. ನೀರು ಹಿಡಿದಿಡುವುದು ಸುಣ್ಣಕಲ್ಲಿನ ಪದರ. ಅದು ಒಣಗಿದರೆ ಮೇಲಿನ ಪುಡಿ ಗಾಳಿಗೆ ಹಾರಿ ಕಾಲು ಜಾರುತ್ತದೆ, ಚೆಂಡು ವೇಗವಾಗಿ ಓಡುತ್ತದೆ. ಅದಕ್ಕೇ ಪಂದ್ಯಗಳ ನಡುವೆ ಪೈಪ್ ಹಿಡಿದು ನೀರು ಹೊಡೆಯುತ್ತಾರೆ. ಅಂಕಣದ ಬಣ್ಣ ಗಾಢವಾಗಿದ್ದರೆ ತೇವ ಹೆಚ್ಚು, ಆಟ ನಿಧಾನ. ಮಧ್ಯಾಹ್ನದ ಬಿಸಿಲಿಗೆ ತಿಳಿಯಾಗುತ್ತ ಬಂದಂತೆ ಅದೇ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳಿ ತಿರುಗುವಂತೆ ಹೊಡೆದ) ಹೊಡೆತ ಭುಜದೆತ್ತರಕ್ಕೆ ಚಿಮ್ಮುವುದು ಬರಿಗಣ್ಣಿಗೇ ಕಾಣುತ್ತದೆ. ಮೋಡ ಕವಿದ ದಿನ ಚೆಂಡಿಗೆ ತೇವದ ಮಣ್ಣು ಅಂಟಿ ಅದು ಭಾರವಾಗುತ್ತದೆ. ಹೊಸ ಚೆಂಡು ಬರುವುದು ಮೊದಲು ಏಳು ಗೇಮ್ ಆದಮೇಲೆ, ನಂತರ ಪ್ರತಿ ಒಂಬತ್ತಕ್ಕೆ. ಜೋರು ಸರ್ವ್ ಇರುವವರು ಆ ಗೇಮಿಗೇ ಕಾದಿರುತ್ತಾರೆ, ನೀವೂ ಎಣಿಸುತ್ತಿರಿ.

ಎಲ್ಲಿ ಕೂರಬೇಕು? ಕೋನಗಳು, ಆಟಗಾರ ಎಷ್ಟು ಹಿಂದೆ ಸರಿದು ನಿಂತಿದ್ದಾನೆ ಎಂಬುದೆಲ್ಲ ಕಾಣಬೇಕಾದರೆ ಬೇಸ್‌ಲೈನಿನ (ಅಂಕಣದ ಹಿಂಬದಿ ಗೆರೆಯ) ಹಿಂದೆ, ಸ್ವಲ್ಪ ಎತ್ತರದಲ್ಲಿ. ಕಾಲಿನ ಕೆಲಸ ನೋಡಬೇಕಾದರೆ ಪಕ್ಕದಲ್ಲಿ, ಕೆಳಸಾಲಿನಲ್ಲಿ. ಮಣ್ಣು ಬಲ್ಲವರು ಜಾರುತ್ತ ಬಂದು, ಜಾರಿ ನಿಲ್ಲುವ ಹೊತ್ತಿಗೆ ಸರಿಯಾಗಿ ಚೆಂಡು ಹೊಡೆಯುತ್ತಾರೆ. ಬಾರದವರು ಹೊಡೆದ ಮೇಲೆ ಜಾರುತ್ತಾರೆ, ಅಂಕಣಕ್ಕೆ ಮರಳಲು ಎರಡು ಹೆಜ್ಜೆ ತಡ. ಈ ವ್ಯತ್ಯಾಸ ಟಿವಿಯಲ್ಲಿ ಸರಿಯಾಗಿ ಸಿಗುವುದಿಲ್ಲ.

ಇನ್ನೊಂದು ನೋಟ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಈಗ ಇಲ್ಲೇ ಉಳಿದಿರುವುದು. 2025ರಲ್ಲೂ ಇಲ್ಲಿ ಗೆರೆ ಕಾದು ಚೆಂಡು ಇನ್ನೋ ಔಟೋ ಹೇಳಿದ್ದು ಯಂತ್ರವಲ್ಲ, ಮನುಷ್ಯರೇ. ಅನುಮಾನ ಬಂದರೆ ಆಟಗಾರ ಆಟ ನಿಲ್ಲಿಸಿ ಕೇಳಬೇಕು. ಅಂಪೈರ್ ಕುರ್ಚಿಯಿಂದಿಳಿದು ಬಂದು, ಚೆಂಡು ಮಣ್ಣಿನಲ್ಲಿ ಬಿಟ್ಟ ಗುರುತನ್ನು ಬಗ್ಗಿ ನೋಡುತ್ತಾರೆ. ಗುರುತಿಗೂ ಗೆರೆಗೂ ನಡುವೆ ಕೂದಲೆಳೆಯಷ್ಟು ಕೆಂಪು ಕಂಡರೆ ಔಟ್, ಗುರುತು ಗೆರೆಗೆ ತಾಗಿದ್ದರೆ ಇನ್. ಜಗಳ ಹುಟ್ಟುವುದು ಬಹುಪಾಲು ಇದೇ ಗುರುತೋ, ಪಕ್ಕದ ಹಳೆಯದೋ ಎಂಬಲ್ಲಿ. ಸೆಟ್ ಮುಗಿದಾಗ ಸಿಬ್ಬಂದಿ ಮಣ್ಣಿನ ಮೇಲೆ ಬಲೆ ಎಳೆದು ಗುರುತುಗಳೆಲ್ಲವನ್ನೂ ಅಳಿಸಿ, ಗೆರೆಗಳನ್ನು ಪೊರಕೆಯಿಂದ ಗುಡಿಸುತ್ತಾರೆ.

ಮಳೆ ಬಂದರೆ ಶಾಟ್ರಿಯೆಗೆ 2020ರಿಂದ, ಲಾಂಗ್ಲೆನ್‌ಗೆ 2024ರಿಂದ ಚಾವಣಿಯಿದೆ. ಹೊರ ಅಂಕಣಗಳಿಗೆ ಟಾರ್ಪಾಲೇ ಗತಿ. ಹಣ ಮರಳಿಸುವ ನಿಯಮ ಟಿಕೆಟ್ಟಿನ ಬಗೆಗೆ ತಕ್ಕಂತೆ ಬೇರೆ, ಕೊಳ್ಳುವಾಗಲೇ ಓದಿಕೊಳ್ಳಿ. ಕೊಡೆ ಬಿಚ್ಚಿದರೆ ಹಿಂದಿನವರ ಶಾಪ ಗ್ಯಾರಂಟಿ, ತೆಳ್ಳಗಿನ ಮಳೆಕೋಟು ತನ್ನಿ. ಹಗಲು ಟೋಪಿ ಬೇಕು, ಸಂಜೆ ಸ್ವೆಟರ್ ಬೇಕು. ಬಿಳಿ ಶೂ ಬೇಡ. ಹಾಕಿಕೊಂಡು ಹೋಗಿ ಕೆಂಪಾದರೆ ಒದ್ದೆ ಬಟ್ಟೆಯಲ್ಲಿ ಉಜ್ಜದೆ, ಪೂರ್ತಿ ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ.