ಐಡಲ್ ಸ್ಕ್ರೂಗೆ ಕೈ ಹಾಕುವ ಮೊದಲು

ಹಳೆಯ ಬೈಕು ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತದೆ ಎಂದು ದೂರಿದರೆ, ನಮ್ಮ ಕಾಸರಗೋಡಿನ ಕಡೆಯ ಅನೇಕ ವರ್ಕ್‌ಶಾಪುಗಳಲ್ಲಿ ಮೊದಲು ಮಾಡುವ ಕೆಲಸ, ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರಿನ ಐಡಲ್ ಸ್ಕ್ರೂವನ್ನು, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗವನ್ನು (ಐಡಲ್) ಹೊಂದಿಸುವ ಸ್ಕ್ರೂವನ್ನು, ಒಂದಿಷ್ಟು ಒಳಕ್ಕೆ ತಿರುಗಿಸುವುದು. ಆ ಸ್ಕ್ರೂ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಸ್ಲೈಡನ್ನು ತುಸು ಎತ್ತಿ ಹಿಡಿಯುತ್ತದೆಯೇ ಹೊರತು ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಪೆರ್ಲ, ಮುಳ್ಳೇರಿಯದಂಥ ಕಡೆಗಳ ಇಳಿಜಾರು ತಿರುವುಗಳಲ್ಲಿ ಬೈಕು ಓಡಿಸುವವರಿಗೆ ಐಡಲ್ ಸರಿಯಿರುವುದು ಬರೀ ಶೋಕಿಯ ವಿಷಯವಲ್ಲ.

ಪರೀಕ್ಷೆಯನ್ನು ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್‌ನಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಬಿಸಿಯಾದ ಎಂಜಿನ್‌ನಲ್ಲಿ ಚೋಕನ್ನು ಅರ್ಧ ಎಳೆದಾಗ ಐಡಲ್ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಹೆಚ್ಚುವರಿ ಗಾಳಿ ಎಳೆಯುತ್ತಿದೆ ಎಂದರ್ಥ; ಇನ್ನಷ್ಟು ಹದಗೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಅತಿಯಾಗಿದೆ, ಆಗ ಏರ್ ಫಿಲ್ಟರ್, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಎಷ್ಟು ತುಂಬಬೇಕೆಂದು ನಿಯಂತ್ರಿಸುವ ಫ್ಲೋಟಿನ ಮಟ್ಟ ಮತ್ತು ಫ್ಲೋಟ್ ನೀಡಲ್‌ಗಳನ್ನು ನೋಡಬೇಕು.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಪೆಟ್ರೋಲ್ ಸಾಲದಿರುವುದು, ಅದಕ್ಕೆ ಮಳೆಗಾಲವೂ ಕಾರಣ. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಹೀರುತ್ತದೆ, ವಾರಗಟ್ಟಲೆ ಓಡಿಸದೆ ನಿಲ್ಲಿಸಿದ ಬೈಕಿನಲ್ಲಿ ಆ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ. ಫ್ಲೋಟ್ ಚೇಂಬರಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಇಳಿಸಿ ನೋಡಿ: ಪೆಟ್ರೋಲಿನ ಕೆಳಗೆ ನೀರಿನ ಹನಿಗಳು ಪಾದರಸದಂತೆ ಉರುಳಾಡುವುದು ಕಣ್ಣಿಗೇ ಕಾಣುತ್ತದೆ. ಚೇಂಬರ್ ಬಿಚ್ಚಿದರೆ ತಳದಲ್ಲಿ ಬಿಳಿ ಹುಡಿ ಕುಳಿತಿರುವುದೂ ಉಂಟು.

ಈ ಹುಡಿ ಮೊದಲು ಮುಚ್ಚಿಹಾಕುವುದು ಪೆಟ್ರೋಲ್ ಹಾಯುವ ಸಣ್ಣ ಹಿತ್ತಾಳೆ ತುಂಡಾದ ಪೈಲಟ್ ಜೆಟ್ಟನ್ನು, ಏಕೆಂದರೆ ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಐಡಲ್‌ನಲ್ಲಿ ಮತ್ತು ಥ್ರಾಟಲ್‌ನ ಮೊದಲ ಕಾಲುಭಾಗದವರೆಗೆ ಎಂಜಿನ್ ಮುಖ್ಯವಾಗಿ ಈ ಜೆಟ್ಟನ್ನೇ ನಂಬಿರುವುದರಿಂದ, ಜೋರಾಗಿ ಓಡುವ ಬೈಕು ನಿಂತಾಗ ಮಾತ್ರ ಆಫ್ ಆಗುತ್ತದೆ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ ದುಂಡಗಿನ ಚುಕ್ಕೆ ಕಾಣಬೇಕು. ಸೂಜಿ ಚುಚ್ಚಬಾರದು, ಹಿತ್ತಾಳೆ ಮೆದು, ರಂಧ್ರ ಹಿಗ್ಗಿದರೆ ಜೆಟ್ ಕೆಟ್ಟಂತೆಯೇ. ಕಾರ್ಬ್ ಕ್ಲೀನರ್ ಹಾಕಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು, ಆದರೆ ಕಾರ್ಬ್ಯುರೇಟರ್ ಬಾಡಿಯೊಳಗಿನ ದಾರಿಗಳಿಗೂ ಗಾಳಿ ಹೋಗಬೇಕು.

ಜೆಟ್ ಸ್ವಚ್ಛವಿದ್ದೂ ಐಡಲ್ ಏರಿಳಿಯುತ್ತಿದ್ದರೆ, ಅಥವಾ ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ಬೇಗ ಇಳಿಯದಿದ್ದರೆ, ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯನ್ನು ಸಂಶಯಿಸಬೇಕು. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಆ ಜಾಗಕ್ಕೆ ಸಾಬೂನು ನೀರು ಚಿಮುಕಿಸಿದಾಗ ಎಂಜಿನ್ ಶಬ್ದ ಬದಲಾದರೆ ಅಲ್ಲಿನ ಒ-ರಿಂಗ್ (ರಬ್ಬರ್ ಬಳೆ) ಅಥವಾ ಜೋಡಣೆಯ ರಬ್ಬರ್ ಹಾಳಾಗಿ ಗಾಳಿ ಸೋರುತ್ತಿದೆ. ಕೆಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ, ಬಿಸಿ ಎಂಜಿನ್ ಮೇಲೆ ಅಂಥ ಸಾಹಸ ಬೇಡ.

ಸ್ಕ್ರೂಗಳ ಸರದಿ ಇವೆಲ್ಲದರ ನಂತರ. ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹೊಂದಿಸುವ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಎಂಜಿನ್ ಕಡೆಗಿದ್ದರೆ ಪರಿಣಾಮ ಇದರ ತದ್ವಿರುದ್ಧ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಈ ಸ್ಕ್ರೂವಿನಿಂದ ಅತಿ ಹೆಚ್ಚು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಿಗುವ ಜಾಗವನ್ನು ಹುಡುಕಿ, ಐಡಲ್ ಸ್ಕ್ರೂವಿನಿಂದ ಇಳಿಸಬೇಕು. ನೂರು ಸಿಸಿಯ ಹಲವು ನಾಲ್ಕು ಸ್ಟ್ರೋಕಿನ ಬೈಕುಗಳಿಗೆ ಸುಮಾರು 1400 ಆರ್‌ಪಿಎಂ ಸರಿಹೋಗುತ್ತದೆ. ಅಷ್ಟಾಗಿಯೂ ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಮಾತ್ರ ಆಫ್ ಆಗುವ ಬೈಕಿನಲ್ಲಿ ಕಾರ್ಬ್ಯುರೇಟರನ್ನು ಮತ್ತೆ ಬಿಚ್ಚದೆ, ಎಂಜಿನ್ ವಾಲ್ವುಗಳನ್ನು ತೆರೆಯುವ ಟ್ಯಾಪೆಟ್ ಬಿಗಿಯಾಗಿದೆಯೇ ಎಂದು ನೋಡಿಸಬೇಕು.